ಹೋದಷ್ಟು ಮರಳದ ಕರೆಂಟು

ಲಾಂಡ್ರಿಯ ನೆಲ ಬೆಳಗಿನಿಂದ ಸಂಜೆಯವರೆಗೆ ಒಣಗುತ್ತಿರಲಿಲ್ಲ. ಮೂಲೆಯ ದೊಡ್ಡ ವಾಷಿಂಗ್ ಮೆಷಿನ್ನಿನ ಕೆಳಗಿಂದ ಸೋಪಿನ ನೀರು ಸದಾ ಜಿನುಗುತ್ತಿತ್ತು. ಕೆಲಸದವಳು ಅದನ್ನು ಪೊರಕೆಯಿಂದ ಮೋರಿಗೆ ತಳ್ಳುವಷ್ಟರಲ್ಲಿ ಮತ್ತಷ್ಟು ಹರಿದು ಬರುತ್ತಿತ್ತು. ತಳ್ಳುತ್ತ ಅವಳು ಮಾತಾಡುತ್ತಿದ್ದಳು. ಕೇಳುವವರು ಇದ್ದರೂ ಮಾತು, ಇಲ್ಲದಿದ್ದರೂ ಮಾತು. ಅದಕ್ಕೇ ಮನೆಯ ಮಗ ಅವಳಿಗೆ ರೇಡಿಯೋ ಎಂದು ಹೆಸರಿಟ್ಟಿದ್ದ. ಹೆಸರಿಟ್ಟವನು ಸತ್ತು ನಾಲ್ಕು ತಿಂಗಳಾಗಿತ್ತು. ಹೆಸರು ಉಳಿದಿತ್ತು.

ಆ ದಿನ ಕರೆಂಟ್ ಬಿಲ್ಲು ಬಂದಿತ್ತು. ಯಜಮಾನರು ಕನ್ನಡಕ ಏರಿಸಿಯೂ ನೋಡಿದರು, ಇಳಿಸಿಯೂ ನೋಡಿದರು. ಮಗನಿದ್ದಾಗ ಉರಿಯುತ್ತಿದ್ದುದಕ್ಕಿಂತ ಯೂನಿಟ್ಟು ಎಷ್ಟೋ ಹೆಚ್ಚಾಗಿತ್ತು. ಮನೆಯಲ್ಲಿ ಒಂದು ಜೀವ ಕಡಿಮೆಯಾದ ಮೇಲೆ ಕರೆಂಟು ಹೆಚ್ಚಾಗುವುದೆಂದರೇನು? ಅವರು ಪೊರಕೆ ಹಿಡಿದ ರೇಡಿಯೋಳನ್ನೊಮ್ಮೆ ನೋಡಿ, ಮೆಟ್ಟಿಲು ಹತ್ತಿ ಮೇಲಿನ ಮನೆಗೆ ಬಂದರು.

ಸೊಸೆ ಲಾಡ್ಜಿನ ಹೊದಿಕೆಗಳನ್ನು ಮಡಿಸುತ್ತಿದ್ದಳು. ಅಂಚಿಗೆ ಅಂಚು ಕೂಡಿಸುವುದು, ಒತ್ತುವುದು, ಪಕ್ಕಕ್ಕಿಡುವುದು. ಈಚೆಗೆ ಅವಳ ದಿನವೆಲ್ಲ ಅದೇ ಆಗಿತ್ತು.

"ನೋಡಮ್ಮ, ನೀನು ಕಾಲೇಜಲ್ಲಿ ಮಕ್ಕಳಿಗೆ ಕರೆಂಟಿನ ಪ್ರಯೋಗ ಮಾಡಿಸ್ತಿದ್ದವಳು. ಯಾವ ಹೊತ್ತಲ್ಲಿ ಎಷ್ಟು ಉರೀತು ಅಂತ ಹೇಳೋ ಮೀಟರನ್ನ ಮನೇಲೇ ಮಾಡೋಕಾಗುತ್ತಾ?" ಎಂದು ಮಾವ ಕೇಳಿದರು. ಗೋಡೆಯ ಮೀಟರು ಒಟ್ಟು ಲೆಕ್ಕ ಹೇಳುತ್ತದೆಯೇ ಹೊರತು ಯಾರು ಕದ್ದರು ಅಂತ ಹೇಳುವುದಿಲ್ಲ ಎಂದರು. ರೇಡಿಯೋ ಇಲ್ಲೇ ನೀರು ಕಾಯಿಸಿಕೊಂಡು ಮಿಂದು ಹೋಗುತ್ತಾಳೆ, ಫೋನು ಇಲ್ಲೇ ಚಾರ್ಜು, ಇನ್ನೇನೇನು ಸಿಕ್ಕಿಸುತ್ತಾಳೋ. "ಒಂದ್ಸಲ ಸಾಕ್ಷಿ ಸಮೇತ ಸಿಗಲಿ. ಬೇರೆ ಕಡೆ ಹೋಗಿ ಹಾಡಲಿ ಅವಳ ರೇಡಿಯೋ."

"ಮಾಡಬಹುದು ಮಾವ," ಎಂದಳು ಸೊಸೆ. ಇಲ್ಲ ಎಂದಿದ್ದರೆ ಕಾರಣ ಹೇಳಬೇಕಾಗುತ್ತಿತ್ತು. ಅಷ್ಟು ಮಾತು ಅವಳಲ್ಲಿ ಇರಲಿಲ್ಲ.

ಗಂಡ ಸತ್ತ ದಿನ ಬೆಳಿಗ್ಗೆ ಮಾತ್ರ ಅವಳು ಬೇಕಾದಷ್ಟು ಮಾತಾಡಿದ್ದಳು. ಮದುವೆಯ ಮೇಲೆ ಬಿಟ್ಟ ಕೆಲಸಕ್ಕೆ ಕಾಲೇಜಿನವರು ಮತ್ತೆ ಕರೆದಿದ್ದರು. ಲಾಡ್ಜಿನ ಬಟ್ಟೆಯ ಕೆಲಸ ಒಂದು ಹದಕ್ಕೆ ಬರಲಿ, ಆಮೇಲೆ ನೋಡೋಣ ಎಂದು ಅವನು. ನಿಮ್ಮ ಹದ ಯಾವ ಕಾಲಕ್ಕೆ ಬಂದೀತು ಎಂದು ಇವಳು. ಅವನು ತಟ್ಟೆಯನ್ನು ಸರಿಸಿ ಎದ್ದು ಕೆಳಗಿಳಿದ. ಸ್ವಲ್ಪ ಹೊತ್ತಿನ ಮೇಲೆ ಕೆಲಸಕ್ಕೆ ಬಂದ ರೇಡಿಯೋಳ ಕೂಗು ಕೇಳಿತು. ಅವನು ಮೆಷಿನ್ನಿಗೂ ನೀರಿನ ನಲ್ಲಿಗೂ ನಡುವೆ ಒದ್ದೆ ನೆಲದ ಮೇಲೆ ಬಿದ್ದಿದ್ದ. ಒಗೆತ ಮುಗಿಸಿದ ಮೆಷಿನ್ನು ಸುಮ್ಮನೆ ನಿಂತಿತ್ತು. ಹೃದಯ ನಿಂತಿದೆ ಎಂದರು ಡಾಕ್ಟರು. ಅವನ ಬಲ ಅಂಗೈಯಲ್ಲಿ ನಾಣ್ಯದಗಲದ ಬೂದು ಗುರುತಿತ್ತು. ಯಾರೂ ಅದನ್ನು ಕೇಳಲಿಲ್ಲ. ಲಾಂಡ್ರಿಯಲ್ಲಿ ದುಡಿಯುವ ಯಾರ ಕೈಯಲ್ಲಿ ಇಸ್ತ್ರಿ ಸುಟ್ಟ ಗುರುತಿಲ್ಲ?

ಸಂತಾಪಕ್ಕೆ ಬಂದವರ ಮುಂದೆ ಅತ್ತೆ ಒಂದೇ ಒಂದು ಸಲ ಅಂದಿದ್ದರು, ನನ್ನ ಮಗ ಹೊಟ್ಟೆಗೆ ಏನೂ ಹಾಕಿಕೊಳ್ಳದೆ, ಮನಸ್ಸು ಕೆಡಿಸಿಕೊಂಡು ಇಳಿದು ಹೋದ ಎಂದು. ಮತ್ತೆ ಆ ಮಾತು ಎತ್ತಲಿಲ್ಲ. ಅದರ ಬದಲು ದಿನಾ ಬೆಳಿಗ್ಗೆ ಸೊಸೆಯ ಮುಂದೆ ತಟ್ಟೆ ಇಟ್ಟು, "ತಿನ್ನು. ತಿನ್ನದೆ ಕೆಳಗೆ ಇಳೀಬೇಡ," ಅನ್ನುತ್ತಿದ್ದರು. ಹೊರಗಿನವರು ಕೇಳಿದರೆ ಎಂಥ ಅಕ್ಕರೆಯ ಅತ್ತೆ ಅನ್ನಬೇಕು. ಸೊಸೆ ಗಂಟಲಿಗೆ ಅಂಟುವ ಒಂದೊಂದು ತುತ್ತನ್ನೂ ನೀರು ಕುಡಿದು ಇಳಿಸುತ್ತಿದ್ದಳು. ಅತ್ತೆಯ ಮೇಲೆ ಸಿಟ್ಟು ಬರುತ್ತಿರಲಿಲ್ಲ, ಏಕೆಂದರೆ ಅವಳೂ ಅದನ್ನೇ ನಂಬಿದ್ದಳು.

ಕಾಲೇಜಿನಿಂದ ತಂದಿದ್ದ ಅವಳ ಸಾಮಾನಿನ ಡಬ್ಬ ಮಂಚದ ಕೆಳಗಿತ್ತು. ತಂತಿ, ಬೆಸುಗೆ ಕಡ್ಡಿ, ಒಂದು ಪುಟ್ಟ ಪರದೆ, ಒಂದು ಮೈಕ್ರೋಕಂಟ್ರೋಲರ್. ಬೆರಳುದ್ದದ ಹಲಗೆಯ ಮೇಲೆ ಕೂತ ಆ ಚಿಪ್ಪು ಹೇಳಿಕೊಟ್ಟ ಒಂದೇ ಕೆಲಸವನ್ನು ಸೆಕೆಂಡಿಗೆ ಸಾವಿರ ಸಲ ಬೇಕಾದರೂ ಬೇಸರವಿಲ್ಲದೆ ಮಾಡುತ್ತದೆ. ಕರೆಂಟು ಅಳೆಯಲು ಎರಡು ಉಂಗುರಗಳೂ ಇದ್ದವು, ಬಟ್ಟೆಯ ಕ್ಲಿಪ್ಪಿನ ಹಾಗೆ ಬಾಯಿ ತೆರೆದು ತಂತಿಯನ್ನು ಸುತ್ತಿ ಹಿಡಿಯುವಂಥವು. ತಂತಿಯನ್ನು ಕತ್ತರಿಸಬೇಕಿಲ್ಲ, ಮುಟ್ಟಬೇಕಿಲ್ಲ. ಒಳಗೆ ಕರೆಂಟು ಹರಿದರೆ ಹೊರಗಿನ ಉಂಗುರಕ್ಕೆ ಅದರ ಅಂಶ ತಟ್ಟುತ್ತದೆ.

ಅವಳು ಕೆಲಸ ಶುರುಮಾಡಿದಳು. ಮನೆಗೆ ಬರುವ ಕರೆಂಟು ಅಲೆಯಂತೆ ಮೇಲೆ ಕೆಳಗೆ ಏರಿಳಿಯುತ್ತದೆ, ಚಿಪ್ಪಿಗೆ ಸೊನ್ನೆಗಿಂತ ಕೆಳಗಿನದು ಕಾಣುವುದಿಲ್ಲ. ಹಾಗೇ ಬಿಟ್ಟರೆ ಅರ್ಧ ಅಲೆ ಲೆಕ್ಕಕ್ಕೇ ಸಿಗದೆ ಹೋಗುತ್ತದೆ. ಆದ್ದರಿಂದ ಎರಡು ಸಮ ರೆಸಿಸ್ಟರ್‌ಗಳನ್ನು ಕೂರಿಸಿ ಇಡೀ ಅಲೆಯನ್ನೇ ಮೇಲಕ್ಕೆತ್ತಿದಳು. ವೋಲ್ಟೇಜು ಅಳೆಯಲು ಹಳೆಯ ಗಡಿಯಾರದೊಳಗಿನ ಪುಟ್ಟ ಟ್ರಾನ್ಸ್‌ಫಾರ್ಮರ್ ಸಾಕಾಯಿತು. ಪ್ರೋಗ್ರಾಂ ಬರೆದಳು, ತಪ್ಪಿದಳು, ಮತ್ತೆ ಬರೆದಳು. ಬೆಸುಗೆಯ ಹೊಗೆ ಮೂಗಿಗೆ ಬಡಿದಾಗ ಪ್ರಯೋಗಶಾಲೆಯ ಉದ್ದ ಮೇಜು ನೆನಪಾಯಿತು. ಸಂತೋಷವಾಯಿತು ಎನ್ನುವಂತಿರಲಿಲ್ಲ. ಕೈಗೆ ಕೆಲಸವಿದ್ದಷ್ಟು ಹೊತ್ತು ತಲೆ ಸುಮ್ಮನಿರುತ್ತಿತ್ತು, ಅಷ್ಟೆ.

ಅಳತೆ ಸರಿಯಿದೆಯೇ ಎಂದು ಅಡುಗೆಮನೆಯ ಕೆಟಲಿನಿಂದ ಪರೀಕ್ಷಿಸಿದಳು. ಅದರ ತಳದಲ್ಲಿ ಬರೆದ ವಾಟ್ಸ್ ಮತ್ತು ಪರದೆಯ ಅಂಕಿ ಕೂಡಿಬರುವವರೆಗೆ ನೀರು ಕಾಯಿಸಿ ಕಾಯಿಸಿ ಚೆಲ್ಲಿದಳು. ಕರೆಂಟು ಉಳಿಸೋಕೆ ಇಷ್ಟು ಕರೆಂಟು ಸುಡಬೇಕಾ ಎಂದು ಅತ್ತೆ ಗೋಡೆಗೆ ಹೇಳಿದರು.

ಮೊದಲ ಉಂಗುರವನ್ನು ಕೆಳಗೆ, ಬೀದಿಯಿಂದ ಬರುವ ದಪ್ಪ ತಂತಿಗೆ ಹಾಕಿದಳು. ಒಂದು ವಾರ ಪರದೆಯ ಮೇಲೆ ಮನೆಯ ದಿನಚರಿ ಗೆರೆಯಾಗಿ ಮೂಡಿತು. ಬೆಳಿಗ್ಗೆ ಒಗೆತದ ಗುಡ್ಡ, ನಡುನಡುವೆ ಇಸ್ತ್ರಿಯ ಮುಳ್ಳುಗಳು. ರೇಡಿಯೋ ಸ್ನಾನಕ್ಕೆ ನೀರು ಕಾಯಿಸಿದ್ದೂ ಕಂಡಿತು, ಹುಡುಕಿದರೆ ಮಾತ್ರ ಕಾಣುವಂಥ ಸಣ್ಣ ಗುಬುಟು. ದೊಡ್ಡ ಗುಡ್ಡ ಬೇರೆಯೇ ಇತ್ತು. ಅದು ಮಧ್ಯಾಹ್ನ ಎದ್ದರೆ ಸಂಜೆಯವರೆಗೆ ಇಳಿಯುತ್ತಿರಲಿಲ್ಲ.

ಅದು ಬಟ್ಟೆ ಒಣಗಿಸುವ ಡ್ರೈಯರ್ ಎಂದು ತಿಳಿಯಲು ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಮೊದಲೆಲ್ಲ ಅದನ್ನು ಮಳೆ ಬಂದ ದಿನ ಮಾತ್ರ ತಿರುಗಿಸುತ್ತಿದ್ದರು. ಒದ್ದೆ ಹೊದಿಕೆಗಳ ಭಾರದ ಬುಟ್ಟಿಯನ್ನು ಹೆಗಲ ಮೇಲಿಟ್ಟುಕೊಂಡು ತಾರಸಿಗೆ ಹತ್ತಿ ಹರವುತ್ತಿದ್ದವನು ಅವಳ ಗಂಡ. ಭಾರ ಹೊತ್ತು ಆ ಮೆಟ್ಟಿಲು ಹತ್ತುವುದು ಮಾವನ ಮಂಡಿಗೆ ಆಗುತ್ತಿರಲಿಲ್ಲ. ಯಾರೂ ಮಾತಾಡಿಕೊಳ್ಳದೆಯೇ ಡ್ರೈಯರ್ ದಿನಾ ತಿರುಗತೊಡಗಿತ್ತು. ಹೆಚ್ಚಾದ ಯೂನಿಟ್ಟೆಂದರೆ ಅವನು ಹತ್ತುತ್ತಿದ್ದ ಮೆಟ್ಟಿಲುಗಳು.

ಇಷ್ಟನ್ನು ಅವಳು ಮಾವನಿಗೆ ಹೇಳಿದಳು, ಕೊನೆಯ ಮಾತೊಂದನ್ನು ಬಿಟ್ಟು. ಅವರಿಗೆ ಅದೂ ಕೇಳಿಸಿದಂತಿತ್ತು. ಮುಖ ತಿರುಗಿಸಿ ಬೀದಿ ನೋಡಿದರು. ಆಮೇಲೆ, ಅದೆಲ್ಲ ಇರಲಿ, ಆ ಒಗೆಯೋ ಮೆಷಿನ್ನಿನ ಲೈನು ಒಂದನ್ನೇ ಬೇರೆ ಅಳೆದು ತೋರಿಸು ಎಂದರು. ತಾನಿಲ್ಲದ ಹೊತ್ತಲ್ಲಿ ರೇಡಿಯೋ ತನ್ನ ಕೇರಿಯವರ ಬಟ್ಟೆಯನ್ನೆಲ್ಲ ತಂದು ಹಾಕುತ್ತಾಳೆಂಬ ಅನುಮಾನ ಅವರನ್ನು ಬಿಟ್ಟಿರಲಿಲ್ಲ. ಅನುಮಾನವಾದರೂ ಇರಲಿ ಎಂಬಂತೆ ಅವರು ಅದನ್ನು ಹಿಡಿದುಕೊಂಡಿದ್ದರು.

ಮರುದಿನ ಬೆಳಿಗ್ಗೆ ಮೆಷಿನ್ನು ಹೊದಿಕೆಗಳನ್ನು ಹೊಟ್ಟೆಗೆ ಹಾಕಿಕೊಂಡು ತಿರುಗುತ್ತಿತ್ತು, ಒಳಗಿನ ಹೀಟರು ನೀರು ಕಾಯಿಸುತ್ತಿತ್ತು. ಮಾವ ಟಾರ್ಚು ಹಿಡಿದು ಹಿಂದೆ ನಿಂತಿದ್ದರು. ಮುಂದುಗಡೆ ಲಾಡ್ಜಿನವನು ಬಂದು ಕೂಗುತ್ತಿದ್ದ, ಮೇಲಿನಿಂದ ಅತ್ತೆ ಕರೆಯುತ್ತಿದ್ದರು. ಸೊಸೆ ಅವಸರದಲ್ಲಿ ಎರಡನೆಯ ಉಂಗುರದ ಬಾಯಿ ತೆರೆದು, ಫ್ಯೂಸ್ ಬೋರ್ಡಿನಿಂದ ಮೆಷಿನ್ನಿಗೆ ಹೋಗುವ ಕಪ್ಪು ಕೇಬಲ್ಲಿಗೆ ಕಚ್ಚಿಸಿದಳು. ಪರದೆ ನೋಡಿದಳು. 0.1 ಆಂಪಿಯರ್.

ಮಾವ ಕನ್ನಡಕದ ಮೇಲಿಂದ ಇಣುಕಿದರು. "ಇಷ್ಟು ದೊಡ್ಡ ಮೆಷಿನ್ನು ಒಂದು ಸಣ್ಣ ಬಲ್ಬಿನಷ್ಟೇ ಉರಿಯುತ್ತಾ? ಹಂಗಾದ್ರೆ ಕರೆಂಟಿನವರೇ ನಮಗೆ ಬಿಲ್ಲು ಕಟ್ಟಬೇಕು ಬಿಡು."

ಅವಳಿಗೆ ತನ್ನ ತಪ್ಪು ಕೂಡಲೇ ಹೊಳೆಯಿತು. ಕಪ್ಪು ಕೇಬಲ್ಲಿನ ಒಳಗೆ ಎರಡು ತಂತಿಗಳಿವೆ. ಒಂದರಲ್ಲಿ ಕರೆಂಟು ಹೋಗುತ್ತದೆ, ಇನ್ನೊಂದರಲ್ಲಿ ಅಷ್ಟೇ ಮರಳಿ ಬರುತ್ತದೆ. ಉಂಗುರವನ್ನು ಎರಡಕ್ಕೂ ಸೇರಿಸಿ ಹಾಕಿದರೆ ಹೋದದ್ದನ್ನು ಬಂದದ್ದು ಅಳಿಸಿಹಾಕುತ್ತದೆ. ಉಂಗುರವನ್ನು ಒಂದೇ ತಂತಿಗೆ ಹಾಕಬೇಕು. ಕಾಲೇಜಿನಲ್ಲಿ ಮೊದಲ ವರ್ಷದವರು ಪ್ರತಿ ಸಲ ಮಾಡುತ್ತಿದ್ದ ತಪ್ಪು ಅದು, ಅವಳು ಪ್ರತಿ ಸಲ ಗದರಿ ಮತ್ತೆ ಮಾಡಿಸುತ್ತಿದ್ದಳು.

ಉಂಗುರ ತೆಗೆಯಲು ಚಾಚಿದ ಕೈ ಅರ್ಧಕ್ಕೇ ನಿಂತಿತು.

ಆ ತಪ್ಪು ಮಾಡಿದಾಗ ಸೊನ್ನೆ ಬರಬೇಕು. ಇಲ್ಲಿ ಸೊನ್ನೆ ಬಂದಿರಲಿಲ್ಲ.

ಚಿಪ್ಪಿನ ಚೇಷ್ಟೆ ಇರಬಹುದು ಎಂದುಕೊಂಡಳು. ಮೆಷಿನ್ನಿಗೆ ಹೋಗಿ ಹೀಟರಿನ ಗುಂಡಿಯನ್ನು ಬೆರಳ ತುದಿಯಿಂದ ಆರಿಸಿದಳು. ಸೊನ್ನೆ. ಹಾಕಿದಳು. ಮತ್ತೆ 0.1. ಪುನಃ ಆರಿಸಿದಳು, ಹಾಕಿದಳು. ಅಂಕಿ, ಹೇಳಿದ ಮಾತು ಕೇಳುವ ಮಗುವಿನಂತೆ, ಹೋಗಿ ಹೋಗಿ ಬಂತು. ಹೋದಷ್ಟು ಕರೆಂಟು ಮರಳುತ್ತಿಲ್ಲ. ಒಂದು ಪಾಲು ದಾರಿ ತಪ್ಪಿ ಬೇರೆಲ್ಲಿಗೋ ಇಳಿಯುತ್ತಿದೆ. ಹೀಟರಿನಿಂದ ಮೆಷಿನ್ನಿನ ಮೈಗೆ, ಮೈಯಿಂದ ಕಬ್ಬಿಣದ ಕಾಲಿಗೆ, ಕಾಲಿನಿಂದ ಸೋಪಿನ ನೀರಿಗೆ, ನೆಲಕ್ಕೆ. ಇದಕ್ಕಿಂತ ಸುಲಭದ ದಾರಿ ಸಿಕ್ಕರೆ ಅದು ಆ ದಾರಿ ಹಿಡಿಯುತ್ತದೆ.

ಅವಳು ತಲೆಯೆತ್ತಿದಾಗ ರೇಡಿಯೋ ಬಕೆಟ್ಟು ಹಿಡಿದು ಬರುತ್ತಿದ್ದಳು. ಬಕೆಟ್ಟನ್ನು ನಲ್ಲಿಯ ಕೆಳಗಿಟ್ಟು, ಒಂದು ಕೈಯಲ್ಲಿ ನಲ್ಲಿ ಹಿಡಿದು, ಇನ್ನೊಂದು ಕೈಯನ್ನು ಮೆಷಿನ್ನಿನ ಕಡೆಗೆ ಚಾಚಿದಳು.

"ಅಕ್ಕಾ, ಮುಟ್ಟಬೇಡಿ," ಎಂದಳು ಸೊಸೆ. ನಾಲ್ಕು ತಿಂಗಳಿನಲ್ಲಿ ಅವಳ ಬಾಯಿಂದ ಅಷ್ಟು ಗಟ್ಟಿಯಾದ ಮಾತು ಬಂದಿರಲಿಲ್ಲ. ಹಾಗೆಂದವಳೇ ಮೇನ್ ಸ್ವಿಚ್ಚು ಕೆಳಗೆಳೆದಳು. ಮೆಷಿನ್ನು ನರಳಿ ನಿಂತಿತು.

ರೇಡಿಯೋ ಕೈ ಹಿಂತೆಗೆದುಕೊಂಡು ನಕ್ಕಳು. "ಜುಮ್ ಅನ್ನುತ್ತೆ ಅಂತ ಹೆದರಿದ್ರಾ ಅಕ್ಕ? ಅದು ಯಾವಾಗ್ಲೂ ಅನ್ನುತ್ತೆ." ಅವಳೂ ಇವಳನ್ನು ಅಕ್ಕ ಎನ್ನುತ್ತಿದ್ದಳು. ನಿಮ್ಮಿಬ್ಬರಲ್ಲಿ ತಂಗಿ ಯಾರು ಎಂದು ಗಂಡ ಕೇಳುತ್ತಿದ್ದ.

ಸೊಸೆ ಫ್ಯೂಸ್ ಬೋರ್ಡಿನ ಮುಚ್ಚಳದ ತಿರುಪು ಬಿಚ್ಚಿದಳು. ಮೆಷಿನ್ನಿನ ಲೈನಿಗೆ ಟ್ರಿಪ್ ಸ್ವಿಚ್ಚು ಇತ್ತು. ಹೋದ ಕರೆಂಟು ಮರಳದಿದ್ದರೆ ಅರೆಗಳಿಗೆಯಲ್ಲಿ ತಾನೇ ಬಿದ್ದು ಲೈನು ಕಡಿಯಬೇಕಾದ ಸ್ವಿಚ್ಚು ಅದು. ಇಲ್ಲಿ ಸೋರುತ್ತಿರುವುದಕ್ಕಿಂತ ಎಷ್ಟೋ ಕಡಿಮೆಗೇ ಅದು ಬೀಳಬೇಕಿತ್ತು. ಅದು ಮೇಲೆದ್ದು ನಿಂತೇ ಇತ್ತು. ಅದರ ತಲೆಯಿಂದ ಬುಡಕ್ಕೆ ಒಂದು ಗೇಣುದ್ದದ ಕೆಂಪು ತಂತಿ ಬಾಗಿ ಬಂದಿತ್ತು. ಕರೆಂಟು ಸ್ವಿಚ್ಚಿನ ಒಳಗೆ ಹೋಗದೆ ಪಕ್ಕದ ತಂತಿಯಲ್ಲಿ ದಾಟಿಕೊಳ್ಳುತ್ತಿತ್ತು. ಕಾವಲುಗಾರನನ್ನು ನಿಲ್ಲಿಸಿ, ಗೋಡೆಯಲ್ಲಿ ಕಿಂಡಿ ಕೊರೆದ ಹಾಗೆ.

"ಇದನ್ನ ಯಾರು ಹಾಕಿದ್ದು ಮಾವ?"

"ಎಲೆಕ್ಟ್ರಿಷಿಯನ್ನು. ನಾನೇ ಹೇಳಿ ಹಾಕಿಸಿದ್ದು," ಎಂದರು ಮಾವ. ಅವರ ದನಿಯಲ್ಲಿ ಅಳುಕಿರಲಿಲ್ಲ, ಜಾಣತನದ ಒಂದು ಹೆಮ್ಮೆಯೂ ಇತ್ತು. ಹೋದ ವರ್ಷ ಈ ಸ್ವಿಚ್ಚು ಕೊಟ್ಟ ಕಾಟ ಅಷ್ಟಿಷ್ಟಲ್ಲ ಎಂದರು. ಮೆಷಿನ್ನು ಹಾಕಿದ ಕೂಡಲೇ ಬೀಳೋದು. ಎತ್ತಿದರೆ ಬೀಳೋದು. ಲಾಡ್ಜಿನವರು ಬಾಗಿಲಲ್ಲಿ ನಿಂತು ಬಾಯಿಗೆ ಬಂದಂತೆ ಅನ್ನೋರು. "ಈ ಬೀದೀಲಿ ಎಲ್ಲರಿಗೂ ಅದೇ ಗೋಳಿತ್ತು. ಹಿಟ್ಟಿನ ಗಿರಣಿಯವನಿಗೆ, ಬೇಕರಿಯವನಿಗೆ ನಾನೇ ಹೇಳಿಕೊಟ್ಟೆ, ಒಂದು ತುಂಡು ತಂತಿ ಹಾಕಿಸಿ ನೆಮ್ಮದಿಯಾಗಿರಿ ಅಂತ. ಅದಕ್ಕೀಗ ಏನಾಯ್ತು?"

ಸೊಸೆ ಕೆಂಪು ತಂತಿಯನ್ನು ಬಿಚ್ಚಿ ತೆಗೆದಳು. ಮುಚ್ಚಳ ಹಾಕಿ ಮೇನ್ ಏರಿಸಿದಳು, ಮೆಷಿನ್ನು ಮುಟ್ಟದೆ ದೂರ ನಿಂತಳು. ಹೀಟರು ಹತ್ತಿದ್ದೇ ತಡ, ಟ್ರಿಪ್ ಸ್ವಿಚ್ಚು ಟಕ್ಕೆಂದು ಬಿತ್ತು.

"ನೋಡಿದ್ಯಾ, ಇದೇ ಕಾಟ ನಾನು ಹೇಳಿದ್ದು," ಎಂದರು ಮಾವ.

"ಮೆಷಿನ್ನಿನ ಮೈಯಲ್ಲಿ ಕರೆಂಟಿದೆ ಮಾವ. ಹೀಟರು ಕೆಟ್ಟಿದೆ. ಅದಕ್ಕೇ ಆಗ್ಲೂ ಬೀಳ್ತಿತ್ತು."

"ಹೌದು ಯಜಮಾನ್ರೇ," ಎಂದು ರೇಡಿಯೋ ನಡುವೆ ಬಾಯಿ ಹಾಕಿದಳು. ಜುಮ್ ಅನ್ನುತ್ತೆ ಅಂತ ಆಗಲೇ ಹೇಳಿದ್ದೆ, ತಣ್ಣೀರಲ್ಲಿ ಕೈಯಾಡಿಸಿ ನರ ಹಿಡಿದಿದೆ ಅಂತ ನೀವೇ ಅಂದಿರಿ ಎಂದಳು. ತನಗೇನೂ ಭಯವಿಲ್ಲ, ಕಾಲಲ್ಲಿ ಯಾವಾಗಲೂ ರಬ್ಬರ್ ಚಪ್ಪಲಿ ಎಂದಳು. ಮಾತು ಅಲ್ಲಿಗೆ ನಿಂತಿದ್ದರೆ ಆಗುತ್ತಿತ್ತು. ಅವಳ ಮಾತಿಗೆ ನಿಲ್ಲುವ ಅಭ್ಯಾಸವಿರಲಿಲ್ಲ. "ಚಿಕ್ಕ ಯಜಮಾನ್ರು ಮಾತ್ರ ಬರಿಗಾಲು. ಒದ್ದೆ ನೆಲದಲ್ಲಿ ಚಪ್ಪಲಿ ಜಾರುತ್ತೆ ಅಂತ ಮೆಟ್ಟಿಲ ಮೇಲೇ ಬಿಟ್ಟು ಬರೋರು."

ಹೀಗೆ ಹೇಳಿ ಮುಗಿಸಿದ ಮೇಲೆ ತಾನು ಹೇಳಿದ್ದು ಅವಳಿಗೇ ಕೇಳಿಸಿತು.

ಮಾವ ಮೆಷಿನ್ನಿನ ಕಡೆ ನೋಡಿದರು, ನಲ್ಲಿಯ ಕಡೆ ನೋಡಿದರು. ಎರಡರ ನಡುವಿನ ನೆಲ ನೋಡಿದರು.

"ಅವತ್ತು?" ಎಂದು ಕೇಳಿದರು.

ರೇಡಿಯೋ ಮಾತಾಡಲಿಲ್ಲ. ಅವಳು ಮಾತಾಡದೆ ನಿಂತದ್ದನ್ನು ಆ ಲಾಂಡ್ರಿಯಲ್ಲಿ ಯಾರೂ ಕಂಡಿರಲಿಲ್ಲ.

"ಅವತ್ತು ಅವನ ಚಪ್ಪಲಿ ಎಲ್ಲಿತ್ತು?" ಮಾವ ಸೊಸೆಯತ್ತ ತಿರುಗಿದರು.

"ಮೆಟ್ಟಿಲ ಮೇಲೆ," ಎಂದಳು ಅವಳು.

ಅವರು ಒಗೆಯದ ಹೊದಿಕೆಗಳ ಗಂಟಿನ ಮೇಲೆ ಕುಳಿತರು. ಮುಂದುಗಡೆ ಲಾಡ್ಜಿನವನು ಮತ್ತೆ ಕೂಗಿದ. ಯಾರೂ ಹೋಗಲಿಲ್ಲ. ಅವಳಿಗೆ ಬೂದು ಗುರುತಿನ ಅಂಗೈ ಕಣ್ಣ ಮುಂದೆ ಬಂತು. ತಾನು ಆಡಿದ ಮಾತೂ ಅವನು ಸರಿಸಿದ ತಟ್ಟೆಯೂ ಅವನನ್ನು ಕೊಂದಿರಲಿಲ್ಲ. ಇದನ್ನು ತಿಳಿದರೆ ಎದೆಯ ಭಾರ ಇಳಿಯಬೇಕಿತ್ತು. ಇಳಿಯಲಿಲ್ಲ. ಭಾರ ತನ್ನ ಹೆಗಲಿನಿಂದ ಎದುರಿಗೆ ಕುಳಿತ ಮುದುಕನ ಹೆಗಲಿಗೆ ಸರಿಯುವುದನ್ನು ಅವಳು ನೋಡಿದಳು.

ಅವರು ತಲೆಯೆತ್ತದೆಯೇ ಹೇಳಿದರು. "ನಿಮ್ಮತ್ತೆಗೆ ಹೇಳ್ಬೇಡಮ್ಮ."

"ನಾನು ಹೇಳಲ್ಲ ಮಾವ. ಆದ್ರೆ ಈ ತಂತೀನ ಮತ್ತೆ ಹಾಕೋಕೆ ಬಿಡಲ್ಲ."

ಅವರು ಕೈ ಚಾಚಿದರು. ಅವಳು ಕೆಂಪು ತಂತಿಯ ತುಂಡನ್ನು ಅವರ ಅಂಗೈಗಿಟ್ಟಳು.

ಮಧ್ಯಾಹ್ನ ಎಲೆಕ್ಟ್ರಿಷಿಯನ್ನನ್ನು ಕರೆಸಿದರು. ಬೈಯಲು ಕರೆಸಿದ್ದಾರೆಂದು ಅವನು ಮೊದಲೇ ಸಿದ್ಧವಾಗಿ ಬಂದಿದ್ದ. ತಾನು ಬೇಡವೆಂದೇ ಹೇಳಿದ್ದೆ ಎಂದ. ಸೋರಿಕೆ ಎಲ್ಲಿದೆ ಅಂತ ಹುಡುಕುತ್ತೇನೆ, ಅರ್ಧ ದಿನ ಮೆಷಿನ್ನು ನಿಲ್ಲಿಸಿ ಎಂದರೆ ಯಾರೂ ನಿಲ್ಲಿಸುವುದಿಲ್ಲ ಎಂದ. "ನಾನು ಹಾಕಲ್ಲ ಅಂದ್ರೆ ಇನ್ನೊಬ್ಬನನ್ನ ಕರೆಸ್ತಾರೆ ಯಜಮಾನ್ರೇ. ಅವನು ಬಂದು ಹಾಕಿ, ಹಳಬನಿಗೆ ಕೆಲಸ ಬರಲ್ಲ ಅಂತ ನನಗೇ ಅಂದು ಹೋಗ್ತಾನೆ. ನಾನೂ ಊಟ ಮಾಡ್ಬೇಕಲ್ಲ." ಮಾವ ಅವನನ್ನು ಬೈಯಲಿಲ್ಲ. ಎಲ್ಲೆಲ್ಲಿ ಹೀಗೆ ಹಾಕಿದ್ದೀಯ ಎಂದಷ್ಟೇ ಕೇಳಿದರು. ಅವನು ಬೆರಳು ಮಡಿಸುತ್ತ ಹೇಳತೊಡಗಿದ. ಒಂದು ಕೈಯ ಬೆರಳು ಮುಗಿದು ಇನ್ನೊಂದು ಕೈಗೆ ಹೋದಾಗ ಮಾವ ಸಾಕು ಎಂದರು.

ಮರುದಿನ ಬೆಳಿಗ್ಗೆ ಮೂವರೂ ತಿನ್ನಲು ಕುಳಿತರು. ಅತ್ತೆ ಸೊಸೆಯ ಮುಂದೆ ತಟ್ಟೆ ಇಟ್ಟು ಎಂದಿನಂತೆ, "ತಿನ್ನು. ತಿನ್ನದೆ ಕೆಳಗೆ ಇಳೀಬೇಡ," ಎಂದರು.

ಸೊಸೆ ತುತ್ತಿಗೆ ಕೈ ಹಾಕಿದಳು. ಮಾವನ ಕೈ ಅವರ ತಟ್ಟೆಯಲ್ಲೇ ನಿಂತಿತು. ಅವರು ಸೊಸೆಯ ಮುಖ ನೋಡಿದರು. ಅವಳು ಕೊಟ್ಟ ಮಾತಿನಂತೆ ಬಾಯಿ ಮುಚ್ಚಿ ಅಗಿಯುತ್ತಿದ್ದಳು. ನುಂಗಲಾಗದೆ ನೀರಿನ ಲೋಟಕ್ಕೆ ಕೈ ಚಾಚಿದಳು. ಮಾವ ಕೈ ಒರೆಸಿಕೊಂಡು, ಜೇಬಿನಿಂದ ತಂತಿಯ ತುಂಡು ತೆಗೆದು ಹೆಂಡತಿಯ ಮುಂದಿಟ್ಟರು.

"ಅವನನ್ನ ಕೊಂದಿದ್ದು ಇದು," ಎಂದರು. "ಇದನ್ನ ಹಾಕಿಸಿದ್ದು ನಾನು. ಇವಳನ್ನ ಇನ್ನು ಅನ್ನಬೇಡ."

ಅತ್ತೆಗೆ ಅರ್ಥವಾಗಲಿಲ್ಲ. ಮಾವ ಬಿಡಿಸಿ ಹೇಳಿದರು, ಮೆಷಿನ್ನು, ನಲ್ಲಿ, ನೀರು, ಬರಿಗಾಲು. ಹೇಳುವಾಗ ತನ್ನನ್ನು ಎಲ್ಲಿಯೂ ಮರೆಮಾಡಿಕೊಳ್ಳಲಿಲ್ಲ. ಜುಮ್ ಅನ್ನುತ್ತದೆ ಎಂದು ರೇಡಿಯೋ ಹೇಳಿದ್ದನ್ನೂ, ನರ ಹಿಡಿದಿದೆ ಎಂದು ತಾನು ನಕ್ಕಿದ್ದನ್ನೂ ಹೇಳಿದರು. ಅತ್ತೆ ತಂತಿಯನ್ನು ಮುಟ್ಟಲಿಲ್ಲ. ಅದು ಇನ್ನೂ ಕಚ್ಚೀತು ಎಂಬಂತೆ ದೂರದಿಂದ ನೋಡುತ್ತಿದ್ದರು. ಅಳುತ್ತಾರೆಂದು ಸೊಸೆ ಕಾದಳು. ಅವರು ಅಳಲಿಲ್ಲ. ಅವಳ ಕಡೆ ತಿರುಗಿ, ಪರೀಕ್ಷೆಯಲ್ಲಿ ಪ್ರಶ್ನೆ ಕೇಳಿದ ಹಾಗೆ ನಿಧಾನವಾಗಿ ಕೇಳಿದರು.

"ಅವತ್ತು ಅವನು ತಿಂದು ಹೋಗಿದ್ರೂ?"

"ತಿಂದು ಹೋಗಿದ್ರೂ, ಅತ್ತೆ."

ಅತ್ತೆ ಎದ್ದು ಒಲೆಯ ಕಡೆ ಮುಖ ಮಾಡಿ ನಿಂತರು. ಆ ದಿನದಿಂದ ಬೆಳಗಿನ ಆ ಮಾತು ನಿಂತಿತು. ತಟ್ಟೆ ಮಾತ್ರ ಬಂದು ಕೂರುತ್ತಿತ್ತು. ಸೊಸೆ ತಿಂದರೆ ತಿಂದಳು, ಬಿಟ್ಟರೆ ಬಿಟ್ಟಳು. ಗಂಡನ ಜೊತೆ ಅವರು ಮಾತಾಡಲು ಬಹಳ ದಿನ ಬೇಕಾಯಿತು. ಬೇಕಾದಷ್ಟನ್ನು ಸೊಸೆಯ ಮೂಲಕ ಹೇಳಿ ಕಳಿಸುತ್ತಿದ್ದರು.

ಮೆಷಿನ್ನಿಗೆ ಹೊಸ ಹೀಟರು ಬಂತು, ಅದರ ಮೈಯಿಂದ ನೆಲದೊಳಕ್ಕೆ ಅರ್ಥಿಂಗ್ ತಂತಿ ಇಳಿಯಿತು, ಲೈಟು ಸೇರಿ ಇಡೀ ಮನೆಗೆ ಒಂದೇ ಟ್ರಿಪ್ ಸ್ವಿಚ್ಚು ಕೂತಿತು. ಒಗೆತ ನಿಂತ ಆ ದಿನಗಳಲ್ಲಿ ಲಾಡ್ಜಿನವರು ಬೇರೆ ಲಾಂಡ್ರಿ ನೋಡಿಕೊಂಡರು. ಮಾವ ತಡೆಯಲು ಹೋಗಲಿಲ್ಲ. ಅವರು ಬೆಳಿಗ್ಗೆ ಎದ್ದು ಜೇಬಿನಲ್ಲಿ ತಂತಿಯ ತುಂಡಿಟ್ಟುಕೊಂಡು ಬೀದಿಗೆ ಹೋಗುತ್ತಿದ್ದರು. ಸೊಸೆ ಉಂಗುರವನ್ನೂ ಪರದೆಯನ್ನೂ ಚೀಲದಲ್ಲಿ ಹಾಕಿಕೊಂಡು ಹಿಂದೆ ಹೋಗುತ್ತಿದ್ದಳು. ಈಗ ಅವಳು ಆ ಮೊದಲ ವರ್ಷದವರ ತಪ್ಪನ್ನು ಬೇಕೆಂದೇ ಮಾಡುತ್ತಿದ್ದಳು. ಎರಡು ತಂತಿಗೂ ಸೇರಿಸಿ ಉಂಗುರ ಹಾಕುವುದು, ಸೊನ್ನೆ ಬರುತ್ತದೆಯೇ ನೋಡುವುದು.

ಎಲ್ಲರೂ ಬಾಗಿಲು ತೆರೆಯಲಿಲ್ಲ. ಬೇಕರಿಯವನು, ಸ್ವಿಚ್ಚು ಬಿದ್ದರೆ ನನ್ನ ಫ್ರೀಜರಿನ ಸಾಮಾನೆಲ್ಲ ಕರಗುತ್ತೆ, ನೀವೇ ಅಲ್ವಾ ಯಜಮಾನ್ರೇ ಇದನ್ನ ಕಲಿಸಿದ್ದು ಎಂದು ಮುಖಕ್ಕೆ ಹೇಳಿದ. "ಹೌದು, ನಾನೇ," ಎಂದರು ಮಾವ. "ಅದಕ್ಕೇ ಬಂದಿದ್ದೀನಿ." ಅವನು ನಾಳೆ ನೋಡೋಣ ಎಂದ. ನಾಳೆಯೂ ಅದನ್ನೇ ಅಂದ. ಹಿಟ್ಟಿನ ಗಿರಣಿಯವನು ಮಾತ್ರ ಮಾತಿಲ್ಲದೆ ಬೋರ್ಡು ಬಿಚ್ಚಿಕೊಟ್ಟ. ಅಲ್ಲಿ ಸೊನ್ನೆ ಬರಲಿಲ್ಲ. ಪರದೆ ನೋಡಿ ಅವನು ಗಿರಣಿಯ ಹತ್ತಿರ ನಿಂತಿದ್ದ ತನ್ನ ಹೆಂಡತಿಯನ್ನು ಇತ್ತ ಬಾ ಎಂದು ಕರೆದ. ಏನು ಎಂದು ಅವಳು ಕೇಳಿದರೆ, ಏನಿಲ್ಲ, ಬಾ ಎಂದ.

ರೇಡಿಯೋ ಕೆಲಸ ಬಿಡಲಿಲ್ಲ. ಸ್ನಾನಕ್ಕೆ ನೀರು ಕಾಯಿಸಿಕೊಳ್ಳುವುದನ್ನು ಮಾತ್ರ ಬಿಟ್ಟಿದ್ದಳು. ಅದನ್ನು ಗಮನಿಸಿ ಮಾವ ಒಂದು ದಿನ ತಾವೇ ಹೀಟರು ಹಾಕಿ, ನೀರು ಕಾದಿದೆ, ಹೋಗು ಎಂದರು. ಅವಳು ಹೋದಳು. ಒಳಗಿಂದ ಬಹಳ ಹೊತ್ತು ಮಾತು ಕೇಳಿಸುತ್ತಿತ್ತು.

ಒಂದು ಮಳೆಯ ಬೆಳಿಗ್ಗೆ ಟ್ರಿಪ್ ಸ್ವಿಚ್ಚು ಮತ್ತೆ ಬಿತ್ತು. ಟಕ್ಕೆಂಬ ಸದ್ದು, ಲಾಂಡ್ರಿ ಕತ್ತಲಾಯಿತು, ಡ್ರಮ್ಮು ತೂಗಾಡಿ ನಿಂತಿತು. ಮೊದಲಾಗಿದ್ದರೆ ಹಾಳಾದ್ದು ಬಿತ್ತು ಎಂದು ಮೂರು ಕಡೆಯಿಂದ ಕೂಗು ಏಳುತ್ತಿತ್ತು. ಯಾರಾದರೊಬ್ಬರು ಹೋಗಿ ಅದನ್ನು ಎತ್ತಿಬಿಡುತ್ತಿದ್ದರು.

ಮಾವ ಗಲ್ಲಾಪೆಟ್ಟಿಗೆಯ ಮುಂದಿನ ಕುರ್ಚಿಯಿಂದ ಎದ್ದು, ಗೋಡೆ ಹಿಡಿದು ಬೋರ್ಡಿನ ಹತ್ತಿರ ಬಂದರು. ಸ್ವಿಚ್ಚನ್ನು ಮುಟ್ಟಲಿಲ್ಲ. ಕತ್ತಲೆಗೆ ಮುಖ ಮಾಡಿ ಕರೆದರು.

"ಎಲ್ಲಿದ್ದೀರಿ?"

"ಇಸ್ತ್ರಿ ಮೇಜಿನ ಹತ್ರ ಯಜಮಾನ್ರೇ, ಚಪ್ಪಲಿ ಹಾಕಿದ್ದೀನಿ, ಕೈ ಒಣಗಿದೆ," ಎಂದು ರೇಡಿಯೋ ಒಂದೇ ಉಸಿರಿಗೆ ಹೇಳಿದಳು.

ಮೇಲಿನಿಂದ, ಬಹಳ ದಿನದ ಮೇಲೆ ನೇರವಾಗಿ ಗಂಡನಿಗೆ, ಅತ್ತೆ ಓಗೊಟ್ಟರು. "ಅಡುಗೆಮನೇಲಿ."

ಮಾವ ಕಾದರು. ಸೊಸೆ ಹಿಂದಿನ ಕೋಣೆಯಲ್ಲಿ ನೆನೆದ ಹೊದಿಕೆಯ ಎರಡು ಅಂಚು ಹಿಡಿದು ನಿಂತಿದ್ದಳು. ತನ್ನನ್ನೂ ಕೇಳುತ್ತಿದ್ದಾರೆಂದು ಅವಳಿಗೆ ಹೊಳೆಯಲು ಒಂದು ಕ್ಷಣ ಬೇಕಾಯಿತು.

"ಇದ್ದೀನಿ ಮಾವ," ಎಂದಳು.

ಆಮೇಲೂ ಅವರು ಸ್ವಲ್ಪ ಹೊತ್ತು ಸ್ವಿಚ್ಚಿನ ಮೇಲೆ ಕೈ ಇಡಲಿಲ್ಲ.